ನಿದ್ದೆಗೆ ಸಾಕ್ಷಿ ಯಾರು?

‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆ ಕೇಳಿಕೊಂಡೇ ನಾವೆಲ್ಲ ಬೆಳೆದವರು. ಅದನ್ನು ತಿರುವಿ ಹಾಕಿ ನೋಡಿ. ಹಾಸಿಗೆಯಲ್ಲೂ ನಿದ್ದೆ ಬಾರದವನು ಮನಸ್ಸನ್ನು ಹತೋಟಿಯಲ್ಲಿಟ್ಟುಕೊಳ್ಳಲು ಬಾರದವನು ಎಂಬ ತೀರ್ಪು ಅದರೊಳಗೆ ಕೂತಿದೆ. ಹಗಲು ತೂಕಡಿಸುವವನ ಪಾಡು ಇನ್ನೂ ಕಷ್ಟ. ಅವನು ಸೋಮಾರಿ, ಇಲ್ಲವೇ ಕುಂಭಕರ್ಣ. ಅದೇ ಹೊತ್ತಿಗೆ ‘ನಿದ್ದೆಗೆಟ್ಟು ಓದಿದ’, ‘ನಿದ್ದೆಗೆಟ್ಟು ದುಡಿದ’ ಎನ್ನುವುದು ನಮ್ಮಲ್ಲಿ ಹೊಗಳಿಕೆ. ಜೀರ್ಣಶಕ್ತಿ ನೋಡಿ ಯಾರೂ ನಡತೆಗೆ ಅಂಕ ಹಾಕುವುದಿಲ್ಲ. ನಿದ್ದೆ ನೋಡಿ ಹಾಕುತ್ತೇವೆ.

ನಿಜ ಹೇಳಬೇಕೆಂದರೆ ಕುಂಭಕರ್ಣನದ್ದೂ ಸೋಮಾರಿತನವಲ್ಲ. ಉತ್ತರಕಾಂಡದ ಕಥೆಯಲ್ಲಿ ಬ್ರಹ್ಮ ವರ ಕೊಡುವ ಹೊತ್ತಿಗೆ ಸರಸ್ವತಿ ಅವನ ನಾಲಿಗೆಯ ಮೇಲೆ ಕೂರುತ್ತಾಳೆ, ಅವನು ನಿದ್ದೆ ಬೇಡುತ್ತಾನೆ. ಆಮೇಲೆ ‘ಇಂಥ ಮಾತು ನನ್ನ ಬಾಯಿಂದ ಹೇಗೆ ಬಂತು’ ಎಂದು ತಾನೇ ಬೆರಗಾಗುತ್ತಾನೆ. ಕಥೆ ಹೇಳಿದವರು ಕಾರಣವನ್ನು ಅವನ ಸ್ವಭಾವದ ಹೊರಗೆ ಇಟ್ಟರು. ಕೇಳಿದ ನಾವು ಕಾರಣ ಮರೆತು ಬೈಗುಳ ಮಾತ್ರ ಉಳಿಸಿಕೊಂಡೆವು.

ವೈದ್ಯಶಾಸ್ತ್ರವೂ ನಿಧಾನಕ್ಕೆ ಇದೇ ದಾರಿಯಲ್ಲಿ ಬಂತು. ಹಗಲಲ್ಲಿ ತಡೆಯಲಾಗದೆ ನಿದ್ದೆಗೆ ಜಾರುವ, ಕೆಲವರಲ್ಲಿ ಜೋರಾಗಿ ನಕ್ಕರೂ ಮೊಣಕಾಲು ಕುಸಿಯುವ ಕಾಯಿಲೆಗೆ ಫ್ರಾನ್ಸಿನ ವೈದ್ಯ ಗೆಲಿನೋ 1880ರಲ್ಲಿ ನಾರ್ಕೋಲೆಪ್ಸಿ ಎಂದು ಹೆಸರಿಟ್ಟ. ನಮ್ಮನ್ನು ಎಚ್ಚರವಾಗಿಡುವ ಒರೆಕ್ಸಿನ್ ಎಂಬ ರಾಸಾಯನಿಕ ಗೊತ್ತಾಗಿದ್ದು 1998ರಲ್ಲಿ. ನಕ್ಕಾಗ ಕುಸಿಯುವ ಈ ರೋಗಿಗಳ ಮಿದುಳಿನಲ್ಲಿ ಅದನ್ನು ತಯಾರಿಸುವ ಕೋಶಗಳೇ ಬಹುಪಾಲು ನಾಶವಾಗಿರುತ್ತವೆ ಎಂದು ತಿಳಿದದ್ದು ಅದಾದ ಮೇಲೆ. ಹೆಸರಿಗೂ ಕಾರಣಕ್ಕೂ ನಡುವೆ ನೂರಕ್ಕೂ ಹೆಚ್ಚು ವರ್ಷ. ಅಷ್ಟು ಕಾಲ ಎಷ್ಟು ಮಕ್ಕಳು ಕ್ಲಾಸಿನಲ್ಲಿ ಬೆಂಚಿನ ಮೇಲೆ ನಿಂತಿರಬಹುದು!

ಆದರೆ ನನ್ನನ್ನು ಹೆಚ್ಚು ಕಾಡುವುದು ನಮ್ಮ ನಡುವೆ ಸಾಮಾನ್ಯವಾಗಿರುವ ಇನ್ನೊಂದು ಕಾಯಿಲೆ, ಸ್ಲೀಪ್ ಆಪ್ನಿಯಾ. ಮಲಗಿದಾಗ ಗಂಟಲಿನ ಸ್ನಾಯು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಹತ್ತು ಸೆಕೆಂಡೋ, ಅದಕ್ಕೂ ಹೆಚ್ಚೋ ಉಸಿರು ನಿಲ್ಲುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಯಾಗಿ ಅರೆಕ್ಷಣ ಎಬ್ಬಿಸುತ್ತದೆ, ಮತ್ತೆ ನಿದ್ದೆ. ಗಂಟೆಗೆ 30 ಸಲ ಉಸಿರು ಕಟ್ಟಿದರೆ ಅಥವಾ ಕುಗ್ಗಿದರೆ ವೈದ್ಯರು ಅದನ್ನು ತೀವ್ರ ಎನ್ನುತ್ತಾರೆ. ಏಳು ಗಂಟೆ ಮಲಗಿದವನಿಗೆ ಅದು 210 ಸಲ. ಬೆಳಿಗ್ಗೆ ಎದ್ದವನನ್ನು ಕೇಳಿ: “ಚೆನ್ನಾಗೇ ಮಲಗಿದ್ದೆ, ಯಾಕೋ ಸುಸ್ತು” ಅನ್ನುತ್ತಾನೆ. ಸುಳ್ಳು ಹೇಳುತ್ತಿಲ್ಲ. ಅವನಿಗೆ ನಿಜವಾಗಿಯೂ ಗೊತ್ತಿಲ್ಲ.

ಗಾಢನಿದ್ರೆಯಿಂದ ಎದ್ದವನು ‘ಸುಖವಾಗಿ ಮಲಗಿದ್ದೆ, ಏನೂ ತಿಳಿಯಲಿಲ್ಲ’ ಎನ್ನುತ್ತಾನಲ್ಲ, ಆ ಸುಖವನ್ನು ಕಂಡವರು ಯಾರು ಎಂದು ನಮ್ಮ ವೇದಾಂತಿಗಳು ಕೇಳಿದರು. ನಿದ್ದೆಯಲ್ಲೂ ಒಂದು ಸಾಕ್ಷಿ ಎಚ್ಚರವಾಗಿರುತ್ತದೆ ಎಂಬುದು ಅದ್ವೈತದ ಉತ್ತರ. ಆ ಸಾಕ್ಷಿ ಇದೆಯೋ ಇಲ್ಲವೋ, ಅದು ಉಸಿರಿನ ಲೆಕ್ಕವನ್ನಂತೂ ಇಡುವುದಿಲ್ಲ. ಇದಕ್ಕೆ ತದ್ವಿರುದ್ಧವಾದ ಜನರೂ ಇದ್ದಾರೆ. ರಾತ್ರಿಯಿಡೀ ಕಣ್ಣೇ ಮುಚ್ಚಲಿಲ್ಲ ಎಂದು ಪ್ರಾಮಾಣಿಕವಾಗಿ ಹೇಳುವವರು. ತಲೆಗೆ ತಂತಿ ಅಂಟಿಸಿ ಮಿದುಳಿನ ಅಲೆ ದಾಖಲಿಸಿದರೆ ಅವರು ಗಂಟೆಗಟ್ಟಲೆ ಮಲಗಿರುತ್ತಾರೆ. ಹಾಗಂತ ಅವರ ಸಂಕಟ ಸುಳ್ಳಲ್ಲ. ನಮ್ಮ ನಿದ್ದೆಯ ವಿಷಯದಲ್ಲಿ ನಮ್ಮ ಮಾತೇ ಕೊನೆಯ ಮಾತಲ್ಲ, ಅಷ್ಟೇ.

ನೈತಿಕ ಪ್ರಶ್ನೆ ಹುಟ್ಟುವುದು ಇಲ್ಲಿ. ತನಗೆ ಕಾಣದ ರೋಗವನ್ನು ಮನುಷ್ಯ ತಿಳಿಯುವುದು ಪಕ್ಕದಲ್ಲಿ ಮಲಗಿದವರಿಂದ. ಊರಲ್ಲಾದರೆ ನಡುಮನೆಯಲ್ಲಿ ಸಾಲಾಗಿ ಹಾಸಿಗೆ. ಅಜ್ಜಿಯೋ ಚಿಕ್ಕಪ್ಪನೋ “ಏನೋ, ನಿನ್ನೆ ರಾತ್ರಿ ಉಸಿರೇ ನಿಂತ ಹಾಗಿತ್ತು” ಎಂದು ಕೇಳಿಯಾರು. ಪುಣೆಯ ಪೀಜಿಯಲ್ಲಿ, ಹೈದರಾಬಾದಿನ ಒಂಟಿ ಫ್ಲ್ಯಾಟಿನಲ್ಲಿ ಯಾರು ಹೇಳುತ್ತಾರೆ? ರೂಮ್‌ಮೇಟ್ ಇದ್ದರೂ ಅವನದು ನೈಟ್ ಶಿಫ್ಟು. ಅಮೆರಿಕದ ಗಡಿಯಾರಕ್ಕೆ ದುಡಿಯುವವನ ರಾತ್ರಿಯನ್ನು ಯಾರೂ ನೋಡುವುದಿಲ್ಲ, ಹಗಲಿನ ತೂಕಡಿಕೆಯನ್ನು ಮಾತ್ರ ಮ್ಯಾನೇಜರು ನೋಡುತ್ತಾನೆ. ವಲಸೆ ಹೋದವರು ಕಳೆದುಕೊಂಡದ್ದರ ಪಟ್ಟಿಯಲ್ಲಿ ಇದೂ ಒಂದು: ನಮ್ಮ ರಾತ್ರಿಗಳಿಗೆ ಸಾಕ್ಷಿ.

ಎಲ್ಲವೂ ಕಾಯಿಲೆಯಾದರೆ ಮನುಷ್ಯನ ಹೊಣೆ ಎಲ್ಲಿ ಉಳಿಯಿತು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ತಪ್ಪು ಮತ್ತು ಹೊಣೆ ಒಂದೇ ಅಲ್ಲ ಎಂಬುದು ನನ್ನ ಉತ್ತರ. ಗಂಟಲು ಮುಚ್ಚಿಕೊಳ್ಳುವುದು ಚಾಲಕನ ತಪ್ಪಲ್ಲ. ಆದರೆ ಸ್ಟೀರಿಂಗ್ ಹಿಡಿದಾಗ ಕಣ್ಣು ಕೂರುತ್ತದೆ ಎಂದು ಗೊತ್ತಾದ ಮೇಲೂ ಪರೀಕ್ಷೆಗೆ ಹೋಗದೆ ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇ ಹತ್ತುವುದು ಅವನ ಹೊಣೆ. ತಪ್ಪು ಹಿಂದಕ್ಕೆ ನೋಡುತ್ತದೆ, ಹೊಣೆ ಮುಂದಕ್ಕೆ. ಬೈಗುಳದಿಂದ ಹೊಣೆ ಹುಟ್ಟುವುದಿಲ್ಲ. ಸೋಮಾರಿ ಅನ್ನಿಸಿಕೊಂಡವನು ವೈದ್ಯರ ಬಳಿ ಹೋಗುವುದಿಲ್ಲ. ಇನ್ನೊಂದು ಕಪ್ ಕಾಫಿ ಕುಡಿಯುತ್ತಾನೆ.

ಹೋಗುವವರಿಗೆ ದಾರಿಯಂತೂ ಇದೆ. ಆಸ್ಟ್ರೇಲಿಯಾದ ಕಾಲಿನ್ ಸಲಿವನ್ 1981ರಲ್ಲಿ ಪ್ರಕಟಿಸಿದ ಸಿಪ್ಯಾಪ್ ವಿಧಾನದಲ್ಲಿ ಮಾಸ್ಕಿನ ಮೂಲಕ ಒತ್ತಡದ ಗಾಳಿ ಬಿಟ್ಟು ಗಂಟಲು ಮುಚ್ಚದಂತೆ ನೋಡಿಕೊಳ್ಳುತ್ತಾರೆ. ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಕೊಡಬೇಕಾದದ್ದು ಮಾತ್ರೆಯಲ್ಲ, ಸಿಬಿಟಿ-ಐ ಎಂಬ ಅಭ್ಯಾಸಕ್ರಮ ಎಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಹೇಳಿತು: ದಿನವೂ ಒಂದೇ ಹೊತ್ತಿಗೆ ಏಳುವುದು, ನಿದ್ದೆ ಬಂದಾಗ ಮಾತ್ರ ಹಾಸಿಗೆಗೆ ಹೋಗುವುದು, ‘ನಿದ್ದೆ ಬರದಿದ್ದರೆ’ ಎಂಬ ಭಯವನ್ನು ಬಿಡಿಸಿಕೊಳ್ಳುವುದು. ಮಾಸ್ಕ್ ಹಾಕಿ ಮಲಗಲು ಸಂಕೋಚ, ಮದುವೆ ಮಾತುಕತೆಯಲ್ಲಿ ಹೇಳಲು ಇನ್ನೂ ಸಂಕೋಚ. ಕನ್ನಡಕ ಹಾಕಿಕೊಳ್ಳಲು ಪಡದ ನಾಚಿಕೆ ಇದಕ್ಕೇಕೆ?

ಹೊಣೆ ರೋಗಿಯೊಬ್ಬನದೇ ಅಲ್ಲ. 2012ರಲ್ಲಿ ರಾಮಲೀಲಾ ಮೈದಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ನಿದ್ದೆಯನ್ನು ಬದುಕುವ ಹಕ್ಕಿನ ಭಾಗವೆಂದು ಕಂಡಿತು. ಅಲ್ಲಿ ಮಲಗಿದ್ದವರನ್ನು ಪೊಲೀಸರು ಮಧ್ಯರಾತ್ರಿ ಎಬ್ಬಿಸಿದ್ದರು. ವಾರಕ್ಕೊಂದು ಶಿಫ್ಟು ಬದಲಿಸುವ ರೋಸ್ಟರು ಲಾಠಿ ಹಿಡಿಯುವುದಿಲ್ಲ, ಆದರೆ ಎಬ್ಬಿಸುವ ಕೆಲಸವನ್ನು ಅದೂ ಮಾಡುತ್ತದೆ.

ರೂಮ್‌ಮೇಟಿನ ಗೊರಕೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಗ್ರೂಪಿಗೆ ಹಾಕಿ ನಗುವುದು ಸುಲಭ. ಅದೇ ರೆಕಾರ್ಡಿಂಗನ್ನು ಅವನೊಬ್ಬನಿಗೇ ಕೇಳಿಸಿ, “ಇಲ್ಲಿ ನೋಡು, ನಡುವೆ ಸದ್ದೇ ನಿಂತಿದೆ, ಒಮ್ಮೆ ಡಾಕ್ಟರಿಗೆ ತೋರಿಸು ಮಾರಾಯ” ಎನ್ನಬಹುದು. ಅವನು ಕಾಣಲಾರದ್ದನ್ನು ಕಂಡವರು ನೀವು.