ಗೋಡೆಯ ಮೇಲಿನ ಗೀಟು

ನಮ್ಮಪ್ಪ ಜೀತಕ್ಕಿದ್ದಾಗ ಮನೆಯ ಒಳಗೋಡೆಯ ಮೇಲೆ ಇದ್ದಿಲಿನಿಂದ ಗೀಟು ಎಳೆಯುತ್ತಿದ್ದ. ದುಡಿದ ತಿಂಗಳಿಗೊಂದು ಗೀಟು. ಯುಗಾದಿ ಬಂದರೆ ಅವ್ವ ಸುಣ್ಣ ಬಳಿಯುತ್ತಿದ್ದಳು, ಗೀಟು ಹೋಗುತ್ತಿತ್ತು. ಆಮೇಲೆ ಲೆಕ್ಕವೆಲ್ಲ ತಲೆಯೊಳಗೆ. ಧಣಿಯ ಲೆಕ್ಕ ಮಾತ್ರ ಪುಸ್ತಕದಲ್ಲಿ. ಕಾಯಿಲೆಗೋ ಮದುವೆಗೋ ದುಡ್ಡು ಬೇಕಾದಾಗ ಎಷ್ಟು ತೀರಿದೆ, ಎಷ್ಟು ಉಳಿದಿದೆ ಗೊತ್ತಿಲ್ಲದೆ ಅಪ್ಪ ಮತ್ತೆ ಹೆಬ್ಬೆಟ್ಟು ಒತ್ತುತ್ತಿದ್ದ. ಕೇಳಿದರೆ, 'ನಂಗೆಲ್ಲಿ ನೆಪ್ಪೈತೆ? ಬುದ್ಧಿಯೋರು ಹೇಳಿದ್ದೇ ಲೆಕ್ಕ' ಅನ್ನುತ್ತಿದ್ದ. ಒಡೆಯನನ್ನು 'ಬುದ್ಧಿ' ಅಂತ ಕರೆದವರು ನಾವು. ಲೆಕ್ಕ ಹಾಕುವ ಬುದ್ಧಿಯನ್ನೂ ಅವನ ಜಗಲಿಯಲ್ಲೇ ಒತ್ತೆಯಿಟ್ಟೆವು.

ಓದಿದವರು ಇದನ್ನು ಬಡವರ ದಡ್ಡತನ ಅಂತಾರೆ. ಸ್ವಾಮಿ, ನೀವೇ ಬಾಯಿಲೆಕ್ಕ ಮಾಡಿ ನೋಡಿ. 500 ರೂಪಾಯಿ ಸಾಲ, ನೂರಕ್ಕೆ ತಿಂಗಳಿಗೆ 5 ರೂಪಾಯಿ ಬಡ್ಡಿ. ತಿಂಗಳಿಗೆ 25, ಮೂರು ವರ್ಷಕ್ಕೆ 900, ಅಸಲು ಸೇರಿ 1400. ತಲೆಗೆ ಹತ್ತುವುದು ಇಷ್ಟೇ. ವರ್ಷಕ್ಕೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸಿ ಬರೆದರೆ ಅದೇ ಸಾಲ 800, ಆಮೇಲೆ 1280, ಆಮೇಲೆ 2048. ನಡುವಿನ 648 ರೂಪಾಯಿ ಎಲ್ಲಿಂದ ಬಂತು ಅಂತ ಯಾವ ಆಳು ನೆನಪಿಟ್ಟಾನು?

ಮನುಷ್ಯ ಒಮ್ಮೆಗೆ ಮನಸ್ಸಿನಲ್ಲಿ ಹಿಡಿದಿಡಬಲ್ಲದ್ದು ಸುಮಾರು ಏಳು ಸಂಗತಿ ಅಂತ ಅಮೆರಿಕದ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ಅರಿವಿನ ಮಿತಿಯೊಳಗೇ ಎಲ್ಲರೂ ತೀರ್ಮಾನ ಮಾಡುವುದು ಎಂದ ಹರ್ಬರ್ಟ್ ಸೈಮನ್ ಅವರಿಗೆ 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರು ಜಾತಿ ನೋಡಿ ಹೇಳಲಿಲ್ಲ. ಧಣಿಯೂ ಮರೆಯುತ್ತಾನೆ. ಅವನ ಮರೆವಿಗೆ ಪುಸ್ತಕದ ಕಾವಲಿದೆ. ಅಕ್ಷರ ಮುಟ್ಟಗೊಡದೆ ಇಟ್ಟ ನಮ್ಮವರಿಗೆ ಆ ಕಾವಲು ಎಲ್ಲಿತ್ತು?

ಹಾಗಾದರೆ ನೆನಪಿಲ್ಲದ ಸಾಲ ತೀರಿಸುವುದು ಧರ್ಮವೇ? ಅಪ್ಪನಿಗೆ ಅದು ಧರ್ಮವೇ. 'ಉಂಡಿದ್ದು ಸುಳ್ಳಾ?' ಅಂತ ನನ್ನನ್ನೇ ಗದರಿಸಿದ. ಆ ನಿಯತ್ತನ್ನು ನಾನು ಹಗುರ ಮಾಡಲಾರೆ. ಆದರೆ ಉಂಡದ್ದನ್ನು ನೆನಪಿಟ್ಟ ಅಪ್ಪ ದುಡಿದದ್ದನ್ನು ಮರೆತಿದ್ದ. ಹಾಗೆ ಮರೆಯುವುದನ್ನು ತಲೆಮಾರುಗಟ್ಟಲೆ ಕಲಿಸಲಾಗಿತ್ತು.

1976ರ ಜೀತ ಪದ್ಧತಿ ರದ್ದತಿ ಕಾಯಿದೆಯ 15ನೇ ಕಲಮಿನಲ್ಲಿ ಒಂದು ಮಾತಿದೆ. ಇದು ಜೀತದ ಸಾಲ ಅಂತ ಆಳು ಹೇಳಿದರೆ, ಅಲ್ಲ ಅಂತ ಸಾಬೀತು ಮಾಡುವ ಹೊಣೆ ಸಾಲ ಕೊಟ್ಟವನದು. ಬಾಯಿಮಾತನ್ನು ಪುಸ್ತಕದ ಎದುರು ನಿಲ್ಲಿಸಿದ ಕಲಮು ಅದು. ಅಪ್ಪನಿಗೆ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಸುಣ್ಣದ ಗೋಡೆ ಕಡೆ ಕೈ ತೋರಿಸಿ, 'ಎಷ್ಟು ಗೀಟಿದ್ವು, ನಿಂಗೇನಾರಾ ನೆಪ್ಪೈತಾ ಮಗಾ?' ಅಂದ.