ಪ್ರವಾಸಿಯ ಭರವಸೆ, ಪ್ರಜೆಯ ಭರವಸೆ

ರಾಜಕೀಯ ಅಸ್ಥಿರತೆ ತಲೆದೋರಿದ ದೇಶಕ್ಕೆ ಹೋಗಲು ಪ್ರವಾಸಿಗರು ಹಿಂಜರಿಯುತ್ತಾರೆ ಎಂಬ ಮಾತು ಎಷ್ಟು ಸಹಜವಾಗಿ ಒಪ್ಪಿತವಾಗಿದೆಯೆಂದರೆ, ಯಾವ ಬಗೆಯ ಅಸ್ಥಿರತೆ, ಹಿಂಜರಿಯುವ ಮನಸ್ಸಿನಲ್ಲಿ ಕುಸಿಯುವುದಾದರೂ ಏನು ಎಂದು ವಿಚಾರಿಸುವ ಗೋಜಿಗೆ ಹೆಚ್ಚಿನವರು ಹೋಗುವುದಿಲ್ಲ. ಪ್ರವಾಸದ ಪ್ರೇರಣೆಯನ್ನು ವಿದ್ವಾಂಸರು ಸಾಮಾನ್ಯವಾಗಿ ಎರಡಾಗಿ ವಿಂಗಡಿಸುತ್ತಾರೆ: ದಿನನಿತ್ಯದ ಬದುಕಿನಿಂದ ಬಿಡುವು ಬಯಸಿ ಮನುಷ್ಯನನ್ನು ಮನೆಯಿಂದ ಹೊರಡಿಸುವ ಒಳಗಿನ ಒತ್ತಡ ಒಂದು, ನಿರ್ದಿಷ್ಟ ಸ್ಥಳವೊಂದು ತನ್ನತ್ತ ಕರೆಯುವ ಹೊರಗಿನ ಸೆಳೆತ ಇನ್ನೊಂದು. ಅಸ್ಥಿರತೆಯು ಮೊದಲನೆಯದನ್ನು ಮುಟ್ಟುವುದೇ ಇಲ್ಲ. ಶ್ರೀಲಂಕಾಕ್ಕೆ ಹೋಗಲಾರದವನು ಬೇರೆ ಕಡಲತೀರವನ್ನು ಹುಡುಕಿಕೊಳ್ಳುತ್ತಾನೆ. ಎರಡನೆಯದೂ ಪೂರ್ತಿ ನಾಶವಾಗುವುದಿಲ್ಲ, ಏಕೆಂದರೆ ಸಿಗಿರಿಯದ ಬಂಡೆಯಾಗಲಿ ಕ್ಯಾಂಡಿಯ ದಂತಧಾತು ಮಂದಿರವಾಗಲಿ ಸರ್ಕಾರ ಬಿದ್ದ ಮಾತ್ರಕ್ಕೆ ತನ್ನ ಆಕರ್ಷಣೆಯನ್ನು ಕಳೆದುಕೊಳ್ಳದು. ಕುಸಿಯುವುದು ಇವೆರಡನ್ನೂ ಕೂಡಿಸುವ ಭರವಸೆ, ಅಂದರೆ ಊಟ, ನಿದ್ದೆ, ದಾರಿ ಎಲ್ಲವನ್ನೂ ಅಪರಿಚಿತರ ಕೈಗೊಪ್ಪಿಸಿ ನಿಶ್ಚಿಂತೆಯಿಂದಿರಬಹುದೆಂಬ ನಂಬಿಕೆ.

ಶ್ರೀಲಂಕಾದ ಇತ್ತೀಚಿನ ಚರಿತ್ರೆ ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ತೋರಿಸುತ್ತದೆ. 2018ರ ಅಕ್ಟೋಬರ್ 26ರಂದು ಅಧ್ಯಕ್ಷ ಮೈತ್ರಿಪಾಲ ಸಿರಿಸೇನ ಅವರು ಪ್ರಧಾನಿ ರನಿಲ್ ವಿಕ್ರಮಸಿಂಘೆಯವರನ್ನು ವಜಾಗೊಳಿಸಿ ಮಹಿಂದ ರಾಜಪಕ್ಸರನ್ನು ನೇಮಿಸಿದಾಗ, ವಾರಗಟ್ಟಲೆ ಆ ಹುದ್ದೆಯ ಮೇಲೆ ಇಬ್ಬರು ಹಕ್ಕು ಸಾಧಿಸುತ್ತಿದ್ದರು, ಸಂಸತ್ತಿನಲ್ಲಿ ಕೈಕೈ ಮಿಲಾಯಿಸುವ ಮಟ್ಟಕ್ಕೆ ಜಗಳ ಹೋಯಿತು. ರಾಜ್ಯಶಾಸ್ತ್ರದ ಯಾವ ಅಳತೆಗೋಲಿನಿಂದ ನೋಡಿದರೂ ಇದು ಗಂಭೀರ ಅಸ್ಥಿರತೆ. ಆದರೂ ಆ ವರ್ಷ ಬಂದ ಪ್ರವಾಸಿಗರು 23 ಲಕ್ಷಕ್ಕೂ ಹೆಚ್ಚು, ಅಲ್ಲಿಯವರೆಗಿನ ಅತ್ಯಧಿಕ ಸಂಖ್ಯೆ. ಸಂವಿಧಾನದ ಬಿಕ್ಕಟ್ಟು ಹೋಟೆಲಿನ ಬಾಗಿಲು ದಾಟಿ ಒಳಗೆ ಬಂದಿರಲಿಲ್ಲ.

2019ರ ಏಪ್ರಿಲ್ 21ರ ಈಸ್ಟರ್ ಭಾನುವಾರ ಚರ್ಚುಗಳ ಜೊತೆಗೆ ಕೊಲಂಬೊದ ಮೂರು ಐಷಾರಾಮಿ ಹೋಟೆಲುಗಳಲ್ಲಿ ಬಾಂಬುಗಳು ಸಿಡಿದವು. ಸತ್ತವರಲ್ಲಿ ಲೋಕಸಭಾ ಚುನಾವಣೆಯ ಕೆಲಸ ಮುಗಿಸಿ ವಿಶ್ರಾಂತಿಗೆಂದು ಹೋಗಿದ್ದ ಕರ್ನಾಟಕದವರೂ ಇದ್ದರು. ಮರುತಿಂಗಳು ಬಂದವರ ಸಂಖ್ಯೆ ಹಿಂದಿನ ವರ್ಷದ ಮೇ ತಿಂಗಳಿಗೆ ಹೋಲಿಸಿದರೆ ಸುಮಾರು ಶೇ. 70ರಷ್ಟು ಇಳಿಯಿತು. ಉತ್ತರ ಮತ್ತು ಪೂರ್ವ ಪ್ರಾಂತ್ಯಗಳಲ್ಲಿ ಅಂತರ್ಯುದ್ಧ ನಡೆಯುತ್ತಿದ್ದ ಕಾಲದಲ್ಲೂ ದಕ್ಷಿಣದ ಕಡಲತೀರಗಳಿಗೆ ಜನ ಬರುತ್ತಲೇ ಇದ್ದರೆಂಬುದನ್ನು ಇದರೊಂದಿಗೆ ಇಟ್ಟು ನೋಡಬೇಕು. ದಾಳಿ ಎಷ್ಟು ದೊಡ್ಡದೆಂಬುದರ ಜೊತೆಗೆ ಅದು ಯಾರ ಕೋಣೆಯನ್ನು ತಲುಪಿತೆಂಬುದೂ ಪ್ರವಾಸಿಯ ನಿರ್ಧಾರವನ್ನು ರೂಪಿಸುತ್ತದೆ. ವಿದೇಶಾಂಗ ಇಲಾಖೆಗಳು ತಮ್ಮ ನಾಗರಿಕರಿಗೆ ಹೊರಡಿಸುವ ಪ್ರಯಾಣ ಎಚ್ಚರಿಕೆಗಳು ಇಂಥ ಹೊತ್ತಿನಲ್ಲಿ ಹಲವು ಬಾರಿ ಇಡೀ ದೇಶವನ್ನೇ ಒಂದು ಘಟಕವಾಗಿ ಪರಿಗಣಿಸುವುದರಿಂದ, ಯಾವ ದಾಳಿಯೂ ನಡೆಯದ ಬೆಟ್ಟದೂರಿನ ಮಾರ್ಗದರ್ಶಿಯ ಸಂಪಾದನೆಯೂ ನಿಂತುಹೋಗುತ್ತದೆ. ಇದು ಅನ್ಯಾಯವೇ, ಆದರೆ ಪ್ರಾಣಭಯವಿರುವವನಿಗೆ ಆರ್ಥಿಕ ನ್ಯಾಯದ ಪಾಠ ಹೇಳುವುದೂ ಸರಿಯಲ್ಲ.

2022ರ ಪ್ರಸಂಗ ಇನ್ನೂ ಸೂಕ್ಷ್ಮವಾದುದು. ವಿದೇಶಿ ವಿನಿಮಯ ಬರಿದಾಗಿ, ದಿನಕ್ಕೆ 13 ಗಂಟೆಗಳವರೆಗೂ ವಿದ್ಯುತ್ ಕಡಿತವಾಗಿ, ಜುಲೈ 9ರಂದು ಪ್ರತಿಭಟನಕಾರರು ಅಧ್ಯಕ್ಷರ ನಿವಾಸಕ್ಕೆ ನುಗ್ಗಿದರು. ಪ್ರವಾಸಿಗರ ಮೇಲೆ ಯಾರೂ ಕೈಮಾಡಲಿಲ್ಲ. ಆದರೂ ಅವರು ದೂರವುಳಿದರು, ಏಕೆಂದರೆ ವಿಮಾನ ನಿಲ್ದಾಣದಿಂದ ಊರಿಗೆ ಹೋಗಲು ವಾಹನಕ್ಕೆ ಪೆಟ್ರೋಲ್ ಸಿಕ್ಕೀತೆಂಬ ಖಾತ್ರಿಯಿರಲಿಲ್ಲ. ಆಟೊ ಚಾಲಕರು ಬಂಕುಗಳ ಮುಂದೆ ರಾತ್ರಿಯೆಲ್ಲ ಸಾಲುಗಟ್ಟಿ ಕಾದರು. ಕ್ಯೂಆರ್ ಸಂಕೇತದ ಇಂಧನ ಪಾಸ್ ಬಂದಾಗ ಅವರ ಪಾಲಿಗೆ ಆರಂಭದಲ್ಲಿ ದೊರೆತದ್ದು ವಾರಕ್ಕೆ 5 ಲೀಟರ್. ಪ್ರವಾಸಿಗರಿಗಾದರೋ ಬೇರೆಯೇ ಇಂಧನ ಪಾಸಿನ ವ್ಯವಸ್ಥೆಯಾಯಿತು. ಡಾಲರಿನ ಕೊರತೆಯಿಂದಲೇ ಕಂಗೆಟ್ಟ ದೇಶಕ್ಕೆ ಡಾಲರು ತರುವವರನ್ನು ಮೊದಲು ಓಡಾಡಿಸುವುದು ಅನಿವಾರ್ಯವಾಗಿತ್ತೆಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ವ್ಯವಸ್ಥೆಯ ಅರ್ಥವೇನೆಂದರೆ, ಪ್ರವಾಸಿಗೆ ಬೇಕಾದ ಸ್ಥಿರತೆಯನ್ನು ಪ್ರಜೆಗೆ ಬೇಕಾದ ಸ್ಥಿರತೆಯಿಂದ ಬೇರ್ಪಡಿಸಿ, ಅದನ್ನಷ್ಟೇ ಮೊದಲು ದುರಸ್ತಿ ಮಾಡಲು ಸಾಧ್ಯ. ಆದ್ದರಿಂದ 2023ರಲ್ಲಿ 14 ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಮರಳಿ ಬಂದದ್ದನ್ನು ದೇಶ ಚೇತರಿಸಿಕೊಂಡಿತೆಂಬುದಕ್ಕೆ ಸಾಕ್ಷಿಯಾಗಿ ಮುಂದಿಡುವವರು, ಅದೇ ಅವಧಿಯಲ್ಲಿ ಆಟೊ ಚಾಲಕನ ಮನೆಯ ವಿದ್ಯುತ್ ಬಿಲ್ಲು ಎಷ್ಟು ಏರಿತೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.