ಮಣಿಕಟ್ಟಿನ ಸಾಕ್ಷಿ

ಪರಸ್ಥಳದಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗನು ಕಳೆದ ದೀಪಾವಳಿಗೆ ತನ್ನ ತಾಯಿಗೊಂದು ಉಡುಗೊರೆಯನ್ನು ಕೊಡಿಸಬೇಕೆಂದು ಬಯಸಿ, ಅದನ್ನು ಆರಿಸುವ ಭಾರವನ್ನು ನನ್ನ ಮೇಲೆ ಹೊರಿಸಿದನು. ಕೈಗೆ ಕಟ್ಟಿಕೊಂಡರೆ ನಡೆದ ಹೆಜ್ಜೆಗಳನ್ನೂ ಎದೆಯ ಬಡಿತವನ್ನೂ ಎಣಿಸಿ, ದಿನವೊಂದರಲ್ಲಿ ದೇಹವು ಎಷ್ಟು ಕ್ಯಾಲೊರಿಗಳನ್ನು ವ್ಯಯಮಾಡಿತೆಂಬುದನ್ನು ಅಂಕಿಯಲ್ಲಿ ತೋರಿಸತಕ್ಕ ಪಟ್ಟಿಗಳು ಈಗ ಪೇಟೆಯಲ್ಲಿ ಹೇರಳವಾಗಿವೆ. ಅವುಗಳಲ್ಲಿ ಯಾವುದು ಸರಿಯಾದ ಲೆಕ್ಕ ಹೇಳುವುದೋ ಅದನ್ನು ವಿಚಾರಿಸಿ ತಿಳಿಸಬೇಕೆಂಬುದು ಅವನ ಅಪೇಕ್ಷೆ. ಆಕೆಗೆ ಕೆಲವು ವರ್ಷಗಳಿಂದ ಸಕ್ಕರೆಯ ಕಾಯಿಲೆ ಇದೆ. ಮೈತೂಕವನ್ನು ತುಸು ಇಳಿಸಿದರೆ ಒಳ್ಳೆಯದೆಂದು ವೈದ್ಯರ ಮತ. ಮೂವತ್ತು ವರ್ಷ ಶಾಲೆಯಲ್ಲಿ ಗಣಿತವನ್ನು ಬೋಧಿಸಿದ ನನಗೆ ಇದು ಒಂದು ಸಂಜೆಯ ಕೆಲಸವೆಂದು ತೋರಿತು. ಅದು ಒಂದು ತಿಂಗಳು ಹಿಡಿಯಿತು. ಸರಿಯಾದ ಲೆಕ್ಕವೆಂದರೆ ಯಾವುದು, ಆ ಲೆಕ್ಕಕ್ಕೆ ಮನುಷ್ಯನು ಎಷ್ಟರಮಟ್ಟಿಗೆ ತಲೆಬಾಗಬೇಕು ಎಂಬ ಎರಡು ಪ್ರಶ್ನೆಗಳು ನಡುವೆ ಎದ್ದು ನಿಂತುದೇ ವಿಳಂಬಕ್ಕೆ ಕಾರಣ. ಅವುಗಳನ್ನು ಕುರಿತು ನನಗೆ ತೋರಿದಷ್ಟನ್ನು ವಾಚಕರ ಮುಂದಿಡುತ್ತೇನೆ.

ಕ್ಯಾಲೊರಿಯೆಂಬುದು ಶಾಖದ ಅಳತೆ. ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಸೆಂಟಿಗ್ರೇಡಿನಷ್ಟು ಬಿಸಿಮಾಡಲು ಬೇಕಾಗುವ ಶಾಖಕ್ಕೆ ಆಹಾರದ ವಿಷಯದಲ್ಲಿ ಒಂದು ಕ್ಯಾಲೊರಿಯೆಂದು ವ್ಯವಹಾರ. ಜೀವಂತ ದೇಹದಿಂದ ಹೊರಡುವುದನ್ನು ಅಳೆಯುವುದು ಸುಲಭವಾದ ಕಾರ್ಯವಲ್ಲ. ಇಟಲಿಯ ವೈದ್ಯನಾದ ಸಾಂಕ್ಟೋರಿಯಸನು ತಕ್ಕಡಿಗೆ ತೂಗುಹಾಕಿದ ಕುರ್ಚಿಯಲ್ಲಿ ಕುಳಿತು, ತಾನು ತಿಂದುದನ್ನೂ ವಿಸರ್ಜಿಸಿದುದನ್ನೂ ವರ್ಷಗಟ್ಟಲೆ ತೂಗಿ, ಕಣ್ಣಿಗೆ ಕಾಣದೆ ಮೈಯಿಂದ ಹೋಗುವ ಭಾಗವೆಷ್ಟೆಂದು 1614ರಲ್ಲಿ ಗ್ರಂಥ ಬರೆದನು. 1782-83ರ ಚಳಿಗಾಲದಲ್ಲಿ ಫ್ರಾನ್ಸಿನ ಲಾವೋಸಿಯೆ ಮತ್ತು ಲಾಪ್ಲಾಸ್ ಎಂಬ ಪಂಡಿತರು ಸುತ್ತಲೂ ಮಂಜುಗಡ್ಡೆ ತುಂಬಿದ ಪಾತ್ರೆಯೊಳಗೆ ಗಿನಿಪಿಗ್ ಎಂಬ ಸಣ್ಣ ಪ್ರಾಣಿಯನ್ನಿಟ್ಟು, ಅದರ ಮೈಶಾಖಕ್ಕೆ ಕರಗಿಬಂದ ನೀರನ್ನು ತೂಗಿದರು. 1890ರ ದಶಕದಲ್ಲಿ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಆಟ್‌ವಾಟರ್ ಮತ್ತು ರೋಸಾ ಎಂಬವರು, ಒಬ್ಬ ಮನುಷ್ಯನು ದಿನಗಟ್ಟಲೆ ಉಂಡು ಮಲಗಿ ಕೆಲಸಮಾಡಿಕೊಂಡಿರಬಹುದಾದ ಒಂದು ಕೊಠಡಿಯನ್ನೇ ಶಾಖಮಾಪಕವಾಗಿ ಕಟ್ಟಿದರು. ಇವರೆಲ್ಲರೂ ಪಟ್ಟ ಪಾಡನ್ನು ನೋಡಿದರೆ, ಬಳೆಯಷ್ಟು ಗಾತ್ರದ ಪಟ್ಟಿಯೊಂದು ಅದೇ ಕೆಲಸವನ್ನು ಮಾಡುವುದೆಂದು ಕೇಳಿದ ಕೂಡಲೆ ಸಂಶಯ ಹುಟ್ಟಬೇಕಾಗಿತ್ತು. ನನಗೆ ಹುಟ್ಟಲಿಲ್ಲ. ಅಂಕಿಯನ್ನು ಕಂಡರೆ ನಂಬುವುದು ನನ್ನ ವೃತ್ತಿಯಿಂದ ಬಂದ ದೌರ್ಬಲ್ಯ.

ವಸ್ತುತಃ ಆ ಪಟ್ಟಿಯು ವ್ಯಯವಾದ ಶಾಖವನ್ನು ಅಳೆಯುವುದೇ ಇಲ್ಲ. ಅದರೊಳಗಿನ ಒಂದು ಅಂಗವು ಕೈಯ ಚಲನೆಯನ್ನು ಗ್ರಹಿಸುತ್ತದೆ. ಇನ್ನೊಂದು ಹಸಿರು ಬೆಳಕನ್ನು ಚರ್ಮದೊಳಕ್ಕೆ ಹಾಯಿಸಿ, ರಕ್ತವು ಏರಿಳಿಯುವಾಗ ಹಿಂದಿರುಗುವ ಬೆಳಕಿನಲ್ಲಾಗುವ ವ್ಯತ್ಯಾಸದಿಂದ ನಾಡಿಯನ್ನು ಎಣಿಸುತ್ತದೆ. ಕಟ್ಟಿಕೊಳ್ಳುವವರು ಮೊದಲೇ ತಿಳಿಸಿದ ವಯಸ್ಸು, ಎತ್ತರ, ತೂಕ, ಸ್ತ್ರೀಯೋ ಪುರುಷನೋ ಎಂಬ ವಿವರ, ಇವುಗಳನ್ನು ಅದರೊಡನೆ ಕೂಡಿಸಿ, ಇಂಥವರು ಇಷ್ಟು ಅಲುಗಾಡಿದರೆ, ನಾಡಿ ಇಷ್ಟು ಓಡಿದರೆ, ಇಷ್ಟು ವ್ಯಯವಾಗಿರಬೇಕೆಂದು ಯಂತ್ರವು ಊಹಿಸುತ್ತದೆ. ನಮ್ಮ ನೈಯಾಯಿಕರ ಪರಿಭಾಷೆಯಲ್ಲಿ ಇದು ಪ್ರತ್ಯಕ್ಷವಲ್ಲ, ಅನುಮಾನ. ಹೊಗೆಯನ್ನು ಕಂಡು ಬೆಟ್ಟದಲ್ಲಿ ಬೆಂಕಿಯುಂಟೆಂದು ತಿಳಿಯುವುದೂ ಅನುಮಾನವೇ. ಆದರೆ ಅದು ಪ್ರಮಾಣವೆನಿಸುವುದು ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುವುದೆಂಬ ವ್ಯಾಪ್ತಿಯ ಬಲದಿಂದ. ನಾಡಿ ಓಡಿದಲ್ಲೆಲ್ಲ ದೇಹಶ್ರಮವುಂಟೆಂಬ ವ್ಯಾಪ್ತಿ ಇದೆಯೆ? ಅದು ಭಯದಲ್ಲಿ ಓಡುತ್ತದೆ, ಜ್ವರದಲ್ಲಿ ಓಡುತ್ತದೆ. ನೆರೆಮನೆಯ ತರುಣನಿಂದ ಪರೀಕ್ಷೆಗೆಂದು ಎರವಲು ತಂದ ಪಟ್ಟಿಯನ್ನು ಕಟ್ಟಿಕೊಂಡು ನಾನು ಕ್ರಿಕೆಟ್ ಪಂದ್ಯವೊಂದರ ಕೊನೆಯ ಓವರುಗಳನ್ನು ನೋಡುತ್ತಿದ್ದ ಸಂಜೆ, ಆರಾಮಕುರ್ಚಿಯಿಂದ ಏಳದೆಯೇ ನನ್ನ ಖಾತೆಗೆ ಕೆಲವು ನಿಮಿಷಗಳ ವ್ಯಾಯಾಮ ಜಮೆಯಾಯಿತು. ಸಾಧಿಸಬೇಕಾದುದು ಇಲ್ಲದ ಸ್ಥಳದಲ್ಲಿಯೂ ಕಾಣಿಸಿಕೊಳ್ಳುವ ಇಂಥ ಹೇತುವನ್ನು ಶಾಸ್ತ್ರಕಾರರು ಸವ್ಯಭಿಚಾರವೆಂದು ಕರೆದು ಹೇತ್ವಾಭಾಸಗಳಲ್ಲಿ ಸೇರಿಸಿರುತ್ತಾರೆ.

ಇದು ಬರಿಯ ತರ್ಕದ ಮಾತಲ್ಲ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಏಳು ಬಗೆಯ ಪಟ್ಟಿಗಳನ್ನು 60 ಮಂದಿಗೆ ಕಟ್ಟಿ, ಅವರನ್ನು ನಡೆಸಿ, ಓಡಿಸಿ, ಸೈಕಲ್ ತುಳಿಸಿ, ಅವರ ಉಸಿರನ್ನು ಅಳೆದು ಬಂದ ಲೆಕ್ಕದೊಡನೆ ತಾಳೆನೋಡಿ ಪ್ರಕಟಿಸಿದರು. ಎದೆಬಡಿತದ ಎಣಿಕೆಯಲ್ಲಿ ಏಳರಲ್ಲಿ ಆರರ ತಪ್ಪು ಶೇಕಡ 5ರೊಳಗೇ ಇದ್ದಿತು. ಕ್ಯಾಲೊರಿಯ ಎಣಿಕೆಯಲ್ಲಾದರೋ ಎಲ್ಲಕ್ಕಿಂತ ಉತ್ತಮವೆನಿಸಿದುದೇ ಸರಾಸರಿ ಶೇಕಡ 27ರಷ್ಟು ತಪ್ಪಿತು. ಎಲ್ಲಕ್ಕಿಂತ ಹಿಂದುಳಿದುದು ಶೇಕಡ 93ರಷ್ಟು. ಆ ಏಳೂ ಈಗ ಹಳೆಯ ಮಾದರಿಗಳು. ಹೊಸವು ಸುಧಾರಿಸಿರಬಹುದು, ಆದರೆ ಊಹಿಸುವ ಕ್ರಮ ಅದೇ. ಶೇಕಡ 27ರ ತಪ್ಪು 2000 ಕ್ಯಾಲೊರಿಯ ದಿನದ ಮೇಲೆ ಬಿದ್ದರೆ 540 ಆಗುತ್ತದೆ. ಅದು ನಮ್ಮಂಥವರ ಒಂದು ಹೊತ್ತಿನ ಊಟ.

ಲೆಕ್ಕದಲ್ಲಿ ಇನ್ನೊಂದು ಮರುಳೂ ಇದೆ. ರಾತ್ರಿ ಮಲಗುವಾಗ ಪಟ್ಟಿಯು ನನಗೆ 1900ಕ್ಕೆ ಮೇಲ್ಪಟ್ಟ ಮೊತ್ತವನ್ನು ತೋರಿಸುತ್ತಿತ್ತು. ಎರಡು ದಿನ ನಾನು ಅದನ್ನು ನನ್ನ ಬೆಳಗಿನ ವಾಯುಸಂಚಾರದ ಫಲವೆಂದೇ ತಿಳಿದು ಹಿಗ್ಗಿದೆನು. ಆಮೇಲೆ ಹ್ಯಾರಿಸ್ ಮತ್ತು ಬೆನೆಡಿಕ್ಟ್ ಎಂಬವರು 1919ರಲ್ಲಿ ಪ್ರಕಟಿಸಿದ ಸೂತ್ರಕ್ಕೆ ನನ್ನ 62 ವರ್ಷ, 165 ಸೆಂಟಿಮೀಟರ್ ಎತ್ತರ, 68 ಕಿಲೋ ತೂಕಗಳನ್ನು ಹಾಕಿ ನೋಡಿದಾಗ, ಏನನ್ನೂ ಮಾಡದೆ ಮಲಗಿದ್ದರೂ ನನಗೆ 1400ರಷ್ಟು ವ್ಯಯವಾಗುವುದೆಂದು ಬಂದಿತು. ಉಸಿರಾಡುವುದಕ್ಕೆ, ರಕ್ತವನ್ನು ತಿರುಗಿಸುವುದಕ್ಕೆ, ಮೈಯನ್ನು ಬೆಚ್ಚಗಿಡುವುದಕ್ಕೆ ಆಗುವ ವೆಚ್ಚ ಅದು. ಮೊತ್ತದಲ್ಲಿ ಮುಕ್ಕಾಲಿಗೆ ಹತ್ತಿರದ ಪಾಲು ಬದುಕಿದ್ದುದಕ್ಕೇ ಸಲ್ಲತಕ್ಕದ್ದು. ನಾನು ಅದನ್ನು ಪೌರುಷದ ಲೆಕ್ಕಕ್ಕೆ ಬರೆದುಕೊಂಡಿದ್ದೆ. ಆದುದರಿಂದ ಕೊಳ್ಳುವವರು ಮೊದಲು ಕೇಳಬೇಕಾದುದು, ಈ ಅಂಕಿ ಇಡೀ ದಿನದ ಮೊತ್ತವೋ ಅಥವಾ ಚಲನೆಯಿಂದಾದ ಭಾಗವೋ ಎಂಬುದನ್ನು. ಕೆಲವು ಪಟ್ಟಿಗಳು ಎರಡನ್ನೂ ಬೇರೆಬೇರೆಯಾಗಿ ತೋರಿಸುತ್ತವೆ.

ಇಲ್ಲಿಯವರೆಗಿನದು ವಿನೋದ. ಮುಂದಿನದನ್ನು ಬರೆಯಲು ನನಗೆ ಸಂಕೋಚವಾಗುತ್ತದೆ.

ನಾನು ಕಟ್ಟಿದುದು ಸಾಕೆಂದು ಆ ಪಟ್ಟಿಯನ್ನು ಮನೆಯಾಕೆಗೆ ಮೂರು ದಿನ ಕಟ್ಟಿಸಿದೆನು. ಹಬ್ಬ ಸಮೀಪಿಸಿತ್ತು. ನಲ್ಲಿಯಲ್ಲಿ ನೀರು ನಿಂತುಹೋಗಿದ್ದುದರಿಂದ ಆಕೆ ಬೀದಿಯ ಕೊನೆಯ ಕೊಳವೆಬಾವಿಯಿಂದ ಕೊಡದಲ್ಲಿ ನೀರು ತಂದಳು, ಹಿತ್ತಾಳೆ ಪಾತ್ರೆಗಳನ್ನೆಲ್ಲ ಹುಣಿಸೆಹಣ್ಣು ಹಾಕಿ ಬೆಳಗಿದಳು, ಅಟ್ಟದ ಧೂಳು ಹೊಡೆದಳು. ಎರಡನೆಯ ದಿನ ಸಂಜೆ ಪಟ್ಟಿಯನ್ನು ನೋಡಿದರೆ ನನ್ನ ಹೆಜ್ಜೆಗಳ ಅರ್ಧದಷ್ಟೂ ಇರಲಿಲ್ಲ, ಕ್ಯಾಲೊರಿಯೂ ಅಲ್ಪವೆಂದೇ ತೋರಿತು. ನಾನು ಅದನ್ನು ಗಟ್ಟಿಯಾಗಿ ಓದಿ, "ನೋಡು, ದಿನವೆಲ್ಲ ದುಡಿದೆ ದುಡಿದೆ ಎನ್ನುತ್ತೀಯೆ, ಇದರಲ್ಲಿ ಏನೂ ಇಲ್ಲ" ಎಂದೆನು. ಹಾಸ್ಯಕ್ಕೆ ಹೇಳಿದ ಮಾತು. ಆಕೆ ನಕ್ಕಳು. ಆದರೆ ಅಂದು ಸಂಜೆಯ ತಿಂಡಿಯನ್ನು ಮುಟ್ಟಲಿಲ್ಲ. ರಾತ್ರಿ ಮುದ್ದೆಯನ್ನು ಅರ್ಧಕ್ಕೇ ನಿಲ್ಲಿಸಿದಳು. ಸಕ್ಕರೆಗೆಂದು ಕೊಟ್ಟಿದ್ದ ಮಾತ್ರೆಯನ್ನು ಮಾತ್ರ ಎಂದಿನಂತೆ ನುಂಗಿದಳು. ನಡುರಾತ್ರಿಯಲ್ಲಿ ಮೈಯೆಲ್ಲ ಬೆವೆತು, ಕೈನಡುಗಿ, ಮಾತು ತೊದಲಿ ಆಕೆ ನನ್ನನ್ನು ಎಬ್ಬಿಸಿದಳು. ರಕ್ತದಲ್ಲಿ ಸಕ್ಕರೆ ಇಳಿದುಹೋಗಿತ್ತು. ಸಕ್ಕರೆಯ ನೀರನ್ನು ಕುಡಿಸಿದ ಮೇಲೆ ಕಾಲುಗಂಟೆಯಲ್ಲಿ ಚೇತರಿಸಿಕೊಂಡಳು. ಯಾಕೆ ಹೀಗೆ ಮಾಡಿದೆಯೆಂದು ಕೇಳಿದುದಕ್ಕೆ, "ನೀವು ಓದಿದ ಲೆಕ್ಕಕ್ಕೆ ನಾನು ಉಣ್ಣುವುದೇ ಹೆಚ್ಚೇನೋ ಅನ್ನಿಸಿತು" ಎಂದಳು. ಅಷ್ಟು ಹೊತ್ತೂ ಪಟ್ಟಿ ಆಕೆಯ ಕೈಯಲ್ಲಿಯೇ ಇದ್ದಿತು.

ಹೆಜ್ಜೆಗಳು ಯಾಕೆ ಕಡಿಮೆ ಬಂದವೆಂಬುದು ಮರುದಿನ ತಿಳಿಯಿತು. ಮಣಿಕಟ್ಟಿನ ಪಟ್ಟಿಯು ಹೆಜ್ಜೆಯನ್ನು ತಿಳಿಯುವುದು ಮುಖ್ಯವಾಗಿ ತೋಳು ಬೀಸುವುದರಿಂದ. ಸೊಂಟದ ಮೇಲೆ ಕೊಡವನ್ನಿಟ್ಟುಕೊಂಡು ಅದನ್ನು ಬಳಸಿ ಹಿಡಿದ ಕೈ ಬೀಸುವುದಿಲ್ಲ. ಹೊರೆ ಹೊತ್ತವರ, ಗಾಡಿ ತಳ್ಳುವವರ ನಡಿಗೆ ಅದಕ್ಕೆ ಬಹಳಮಟ್ಟಿಗೆ ಕಾಣದೆ ಹೋಗುತ್ತದೆ. ಕೈಬೀಸಿಕೊಂಡು ಕೆರೆಯ ಏರಿಯ ಮೇಲೆ ತಿರುಗಾಡುವ ನಿವೃತ್ತ ಉಪಾಧ್ಯಾಯನ ಒಂದೊಂದು ಹೆಜ್ಜೆಯೂ ದಾಖಲಾಗುತ್ತದೆ. ಯಂತ್ರವನ್ನು ಪಕ್ಷಪಾತಿಯೆಂದು ದೂಷಿಸಿ ಪ್ರಯೋಜನವಿಲ್ಲ. ಮನೆಯೊಳಗಿನ ಹೆಂಗಸಿನ ದುಡಿಮೆಯನ್ನು ಲೆಕ್ಕಕ್ಕೆ ತಾರದಿರುವ ಪದ್ಧತಿ ಆ ಯಂತ್ರಕ್ಕಿಂತ ಬಹು ಹಳೆಯದು. ನಾನು ಅದನ್ನು ಇನ್ನೊಮ್ಮೆ ಆಚರಿಸಿದೆನು, ಈ ಸಲ ಅಂಕಿಯ ಆಧಾರದಿಂದ.

ಆ ರಾತ್ರಿಯ ತರುವಾಯ ನನ್ನನ್ನು ಕಾಡಿದ ಪ್ರಶ್ನೆ ಅಂಕಿಯ ಸರಿತಪ್ಪುಗಳದ್ದಲ್ಲ. ಅಂಕಿ ಪೂರ್ಣವಾಗಿ ಸರಿಯಾಗಿದ್ದರೆ ನಾನು ಹಾಗೆ ಓದಿದುದು ನ್ಯಾಯವಾಗುತ್ತಿತ್ತೆ? ಆಗುತ್ತಿರಲಿಲ್ಲವೆಂದೇ ನನಗೆ ತೋರುತ್ತದೆ. ಸಾಕ್ಷಿಯು ತಾನು ಕಂಡುದನ್ನು ಹೇಳಬಹುದು. ತೀರ್ಪು ಕೊಡುವ ಅಧಿಕಾರ ಅದಕ್ಕಿಲ್ಲ. ಯಂತ್ರವು ಆ ಅಧಿಕಾರವನ್ನು ಕೇಳಿಯೂ ಇರಲಿಲ್ಲ. ಆಕೆಯ ದುಡಿಮೆ ಎಷ್ಟು, ಆಕೆಗೆ ಊಟ ಎಷ್ಟು ಸಲ್ಲುತ್ತದೆ ಎಂಬ ತೀರ್ಪನ್ನು ಅದರ ಬಾಯಲ್ಲಿ ಇಟ್ಟವನು ನಾನು. ತನ್ನ ಮೈಯನ್ನು ತಾನು ಅಳೆದುಕೊಳ್ಳುವುದು ಒಂದು. ಇನ್ನೊಬ್ಬರ ಮೈಯನ್ನು ಅಳೆದು ಅವರ ಎದುರಿಗೆ ಓದುವುದು ಬೇರೊಂದು. ಎರಡನೆಯದಕ್ಕೆ ವೈದ್ಯನಿಗೆ ಅಧಿಕಾರವಿರಬಹುದು, ಅದೂ ಕೇಳಿಕೊಂಡವರ ವಿಷಯದಲ್ಲಿ. ಗಂಡನಿಗಾಗಲಿ, ಮಕ್ಕಳಿಗಾಗಲಿ, ಸಂಬಳ ಕೊಡುವ ಯಜಮಾನನಿಗಾಗಲಿ ಅದು ತಾನಾಗಿ ಬರುವುದಿಲ್ಲ.

ಈ ವಿಚಾರವನ್ನು ವೈದ್ಯವೃತ್ತಿಯಲ್ಲಿರುವ ಮಿತ್ರರೊಬ್ಬರೊಡನೆ ಚರ್ಚಿಸಿದಾಗ ಅವರು ಒಪ್ಪಲಿಲ್ಲ. "ಅಂಕಿ ಸುಳ್ಳೇ ಆಗಿರಲಿ, ಕುಳಿತವನನ್ನು ಎಬ್ಬಿಸಿ ನಡೆಸುವುದಾದರೆ ಆ ಸುಳ್ಳು ಹಿತವಲ್ಲವೆ?" ಎಂದರು. ಅವರ ಮಾತಿನಲ್ಲಿ ಬಲವಿದೆ. ಇಂಥ ಪಟ್ಟಿಗಳ ಬಗೆಗಿನ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು, ಕಟ್ಟಿಕೊಂಡವರು ದಿನಕ್ಕೆ ಸುಮಾರು 1800 ಹೆಜ್ಜೆ ಹೆಚ್ಚಾಗಿ ನಡೆದರೆಂದೂ ತೂಕದಲ್ಲಿ ಒಂದು ಕಿಲೋದಷ್ಟು ಇಳಿದರೆಂದೂ ತಿಳಿಸುತ್ತದೆ. ಇದಕ್ಕೆ ವಿರುದ್ಧವಾದುದೂ ಇದೆ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು ತೂಕ ಇಳಿಸಬೇಕೆಂದಿದ್ದ 470 ಮಂದಿ ತರುಣರನ್ನು ಎರಡು ವರ್ಷ ನೋಡಿ 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಪಟ್ಟಿ ಕಟ್ಟಿಕೊಂಡವರು 3.5 ಕಿಲೋ ಇಳಿದಿದ್ದರು, ಕಟ್ಟಿಕೊಳ್ಳದೆ ಸಾಮಾನ್ಯ ಉಪದೇಶವನ್ನು ಅನುಸರಿಸಿದವರು 5.9 ಕಿಲೋ. ಕಾರಣವನ್ನು ಅವರು ನಿಶ್ಚಯಿಸಿ ಹೇಳಲಿಲ್ಲ. ನನ್ನ ಊಹೆಯೇನೆಂದರೆ, ಹೆಜ್ಜೆಯ ಎಣಿಕೆ ಮನುಷ್ಯನನ್ನು ನಡೆಸುತ್ತದೆ, ಕ್ಯಾಲೊರಿಯ ಎಣಿಕೆ ಅವನನ್ನು ವ್ಯಾಪಾರಿಯನ್ನಾಗಿ ಮಾಡುತ್ತದೆ. ಇಷ್ಟು ಸುಟ್ಟೆ, ಇಷ್ಟು ತಿನ್ನಲು ಹಕ್ಕಾಯಿತು. ಇಷ್ಟು ಸುಡಲಿಲ್ಲ, ಉಪವಾಸವಿರಬೇಕು. ಒಬ್ಬನು ಇದರಿಂದ ಎರಡು ಹೋಳಿಗೆ ಹೆಚ್ಚು ತಿನ್ನುತ್ತಾನೆ. ನಮ್ಮ ಮನೆಯಲ್ಲಾದಂತೆ ಇನ್ನೊಬ್ಬಳು ಅರ್ಧ ಮುದ್ದೆ ಬಿಡುತ್ತಾಳೆ. (ಹೆಜ್ಜೆಯ ವಿಷಯದಲ್ಲಿಯೂ 10,000ವೆಂಬ ಸಂಖ್ಯೆ ವೈದ್ಯಶಾಸ್ತ್ರದಿಂದ ಇಳಿದುಬಂದುದಲ್ಲ, 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆಯೆಣಿಕೆಯ ಉಪಕರಣವೊಂದಕ್ಕೆ ಹತ್ತುಸಾವಿರ ಹೆಜ್ಜೆಯ ಮಾಪಕವೆಂಬ ಅರ್ಥದ ಹೆಸರಿಟ್ಟಿದ್ದರು.)

ಆ ವ್ಯಾಪಾರಕ್ಕೆ ದೇಹವೂ ಒಪ್ಪಿದಂತೆ ಕಾಣುವುದಿಲ್ಲ. ಆಫ್ರಿಕದ ಟಾಂಜಾನಿಯಾದಲ್ಲಿ ಬೇಟೆಯಿಂದಲೂ ಗೆಡ್ಡೆಗೆಣಸುಗಳಿಂದಲೂ ಜೀವಿಸುವ ಹಾಡ್ಜಾ ಜನರ ದಿನದ ವ್ಯಯವನ್ನು ಅಳೆದು ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದಾಗ, ಮೈಗಾತ್ರವನ್ನು ಗಣಿಸಿದರೆ ಅದು ಪಾಶ್ಚಾತ್ಯ ನಗರವಾಸಿಗಳ ವ್ಯಯಕ್ಕಿಂತ ಹೆಚ್ಚಾಗಿರಲಿಲ್ಲ. ದಿನವೆಲ್ಲ ನಡೆದವರ ದೇಹ ಬೇರೆಲ್ಲಿಯೋ ಉಳಿತಾಯ ಮಾಡುತ್ತದೆಂದು ಅವರ ಅಭಿಪ್ರಾಯ. ಸುಶ್ರುತಸಂಹಿತೆಯಲ್ಲಿ ವ್ಯಾಯಾಮವನ್ನು ಬಲದ ಅರ್ಧಕ್ಕೆ ನಿಲ್ಲಿಸಬೇಕೆಂದು ಹೇಳಿ, ಆ ಅರ್ಧ ಬಂದಿತೆಂಬುದಕ್ಕೆ ಉಸಿರು ಬಾಯಿಗೆ ಬರುವುದನ್ನು ಗುರುತಾಗಿ ಕೊಟ್ಟಿದೆ. ಅದು ಸ್ಥೂಲವಾದ ಅಳತೆ, ನಿಜ. ಆದರೆ ಅಳೆಯುವವನೂ ಅಳೆಯಲ್ಪಡುವವನೂ ಅಲ್ಲಿ ಒಬ್ಬನೇ. ಹಸಿವೂ ಅಂಥದೇ. ಸುಖದುಃಖಗಳನ್ನು ನೇರವಾಗಿ ತಿಳಿಯುವುದು ಒಳಗಿನ ಸಾಕ್ಷಿಯೆಂದು ನಮ್ಮ ನಾಡಿನ ಮಧ್ವಾಚಾರ್ಯರ ಸಿದ್ಧಾಂತ. ಅಂದು ಸಂಜೆ ಆಕೆಯ ಒಳಗಿನ ಸಾಕ್ಷಿ ಹಸಿವೆಂದು ಹೇಳುತ್ತಲೇ ಇದ್ದಿರಬೇಕು. ಹೊರಗಿನ ಸಾಕ್ಷಿಯ ಮಾತನ್ನು ಹಿಡಿದು ನಾನು ಅದರ ಬಾಯಿ ಮುಚ್ಚಿಸಿದೆನು.

ಇಷ್ಟಾದ ಮೇಲೂ ನಾವು ಪಟ್ಟಿಯನ್ನು ಕೊಂಡೆವು. ಬೇಡವೆಂದು ನಾನು ಬರೆಯಹೊರಟಾಗ ಆಕೆಯೇ ತಡೆದು, ಬೆಳಿಗ್ಗೆ ಎಷ್ಟು ದೂರ ನಡೆದೆನೆಂಬುದು ತಿಳಿದರೆ ತನಗೆ ಇಷ್ಟವೆಂದಳು. ಮಗನಿಗೆ ಬರೆದ ಪತ್ರದಲ್ಲಿ ಹೀಗೆ ತಿಳಿಸಿದೆನು: ಕ್ಯಾಲೊರಿಯನ್ನು ಎಲ್ಲಕ್ಕಿಂತ ಸರಿಯಾಗಿ ಎಣಿಸುವುದೆಂಬ ಜಾಹೀರಾತನ್ನು ನೋಡಿ ಆರಿಸಬೇಡ, ನಾಡಿಯನ್ನು ಸರಿಯಾಗಿ ಎಣಿಸುವುದು, ಕೈಗೆ ಬಿಗಿಯೂ ಸಡಿಲವೂ ಆಗದೆ ಕೂರುವುದು, ಅಕ್ಷರ ದೊಡ್ಡದಾಗಿರುವುದು ಸಾಕು. ಒಂದೇ ಪಟ್ಟಿಯನ್ನು ಬಹುಕಾಲ ಕಟ್ಟಿದರೆ, ಅದರ ತಪ್ಪು ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ನಡೆಯುವಷ್ಟರಮಟ್ಟಿಗೆ, ಈ ತಿಂಗಳಿಗೂ ಹೋದ ತಿಂಗಳಿಗೂ ಇರುವ ಅಂತರವನ್ನು ನೋಡಬಹುದು. ಒಂದು ದಿನದ ಅಂಕಿಯಿಂದ ಏನನ್ನೂ ನಿಶ್ಚಯಿಸಲಾಗದು. ಊಟದ ಪ್ರಮಾಣವನ್ನು ವೈದ್ಯರು ಮಾತ್ರೆಯೊಡನೆ ಹೊಂದಿಸಿ ಹೇಳುತ್ತಾರೆ, ಪಟ್ಟಿ ಹೇಳತಕ್ಕದ್ದಲ್ಲ. ಲೆಕ್ಕವು ನಿನ್ನ ಮೊಬೈಲಿಗೂ ಬರುವಂತೆ ಜೋಡಿಸುವ ಅನುಕೂಲವಿದೆಯೆಂದು ನೀನು ಬರೆದಿದ್ದೀಯೆ. ಅದನ್ನು ನಿನ್ನ ತಾಯಿಯನ್ನು ಕೇಳಿ ಮಾಡು.

ಆಕೆ ಬೇಡವೆಂದಳು. ಪಟ್ಟಿ ಹಬ್ಬಕ್ಕೆ ನಾಲ್ಕು ದಿನ ತಡವಾಗಿ ಬಂದಿತು. ಮುಖದ ಮೇಲೆ ಕಾಣುವ ಅಂಕಿಗಳನ್ನು ನಮಗೆ ಬೇಕಾದಂತೆ ಇಟ್ಟುಕೊಳ್ಳಲೂ ತೆಗೆಯಲೂ ಅದರಲ್ಲಿ ಅವಕಾಶವಿದ್ದುದರಿಂದ ನೆರೆಮನೆಯ ತರುಣನು ಕ್ಯಾಲೊರಿಯನ್ನು ತೆಗೆದುಹಾಕಿ, ಗಂಟೆ, ಹೆಜ್ಜೆ, ನಾಡಿ ಈ ಮೂರನ್ನು ಉಳಿಸಿಕೊಟ್ಟನು. ಎಲ್ಲ ಪಟ್ಟಿಗಳಲ್ಲಿಯೂ ಈ ಅವಕಾಶವಿರುವುದಿಲ್ಲ. ಕೊಳ್ಳುವ ಮುನ್ನ ಅಂಗಡಿಯವನಿಂದ ತೆಗೆಯಿಸಿ ನೋಡುವುದು ಒಳ್ಳೆಯದು. ನೀರಿಗೆ ಹೋಗುವಾಗ ಆಕೆ ಅದನ್ನು ಬಿಚ್ಚಿ ಗೂಡಿನಲ್ಲಿಟ್ಟು ಹೋಗುತ್ತಾಳೆ.